ಸ್ಪಷ್ಟನೆ: ಸ್ಟೀರಿಂಗ್ ನಡುಗಿದ ಮಾತ್ರಕ್ಕೆ ವೀಲ್ ಬೇರಿಂಗ್ ಹೋಗಿದೆ ಎಂದಲ್ಲ

‘ಹಳೇ ಕಾರಿನ ಸ್ಟೀರಿಂಗ್ ನಡುಗಿದರೆ ಮುಂದಿನ ಎರಡೂ ಬೇರಿಂಗ್ ಬದಲಿಸಿ’ ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. (ಬೇರಿಂಗ್ ಎಂದರೆ ಚಕ್ರ ಸರಾಗ ತಿರುಗಲು ಅದರ ನಡುವೆ ಇರುವ ಬಿಡಿಭಾಗ.) ಈ ಸಂದೇಶ ತಪ್ಪು, ದಯವಿಟ್ಟು ಮುಂದೆ ಕಳಿಸಬೇಡಿ. 80–100 ಕಿ.ಮೀ. ವೇಗದಲ್ಲಿ ಮಾತ್ರ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡುವುದು) ಮಾಡಿಸಿ, ರಿಮ್ ಬಾಗಿದೆಯೇ ನೋಡಿಸಿ, ಖರ್ಚೂ ಕಡಿಮೆ. ಬ್ರೇಕ್ ಒತ್ತಿದಾಗ ಮಾತ್ರವಾದರೆ ಅನುಮಾನ ಬ್ರೇಕ್ ಡಿಸ್ಕ್ ಮೇಲೆ.

ಸವೆದ ಬೇರಿಂಗ್ ಸಾಮಾನ್ಯವಾಗಿ ಮೊದಲು ಗುಂಯ್‌ಗುಡುತ್ತದೆ. ವೇಗದೊಂದಿಗೆ ಸದ್ದೂ ಏರುತ್ತದೆ. ಚಕ್ರ ಎತ್ತಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಮೇಲೆ-ಕೆಳಗೆ ಹಿಡಿದು ಅಲುಗಿಸಿ. ಸಡಿಲದ ಅಲುಗಾಟ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ: ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಕೀಲು) ನೋಡಿ. ಎಡ-ಬಲಕ್ಕೆ ಹಿಡಿದಾಗ ಮಾತ್ರ ಅಲುಗಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಅನ್ನು ಚಕ್ರಕ್ಕೆ ಜೋಡಿಸುವ ಕೀಲು) ನೋಡಿ.

ಬೇರಿಂಗ್ ಬದಲಿಸಲೇಬೇಕಾದರೆ ಸುತ್ತಿಗೆ ಬೇಡ, ಪ್ರೆಸ್ (ಒತ್ತಿ ಕೂರಿಸುವ ಯಂತ್ರ) ಬೇಕು. ನಕಲ್‌ಗೆ (ಚಕ್ರದ ಹಿಂದೆ ಬೇರಿಂಗ್ ಕೂರುವ ಲೋಹದ ಭಾಗ) ಕೂರಿಸುವಾಗ ಬೇರಿಂಗಿನ ಹೊರ ರೇಸ್ (ಹೊರ ಬಳೆ) ಮೇಲಷ್ಟೇ ಒತ್ತಬೇಕು. ಒಳ ರೇಸ್ ಒತ್ತಿದರೆ ಹೊಸ ಬೇರಿಂಗೂ ಬೇಗ ಕೆಡುತ್ತದೆ.