ಅಜ್ಜನ ಪಾಲಿಗೆ ಬಂದ ಫೋನು

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಮನೆಗಳಲ್ಲಿ ಫೋನು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕೈಯಿಂದ ಕೈಗೆ ಇಳಿಯುತ್ತಾ ಹೋಗುತ್ತದೆ. ಮಂಗಳೂರಿನ ಕಾಲೇಜಿಗೆ ಹೋಗುವ ಮಗ ಹೊಸತು ತೆಗೆದುಕೊಂಡರೆ ಅವನ ಹಳೆಯದು ಅಮ್ಮನಿಗೆ. ಅಮ್ಮನದು ಅಪ್ಪನಿಗೆ, ಯಾಕೆಂದರೆ ಅಪ್ಪ "ನಂಗೆ ಮಾತಾಡ್ಲಿಕ್ಕೆ ಆದ್ರೆ ಸಾಕು" ಅನ್ನುವ ಜನ. ಅಪ್ಪನದು ಅಜ್ಜನ ಯಕ್ಷಗಾನಕ್ಕೆ. ಅಜ್ಜ ಜಗಲಿಯಲ್ಲಿ ಕುಳಿತು ಯೂಟ್ಯೂಬಿನಲ್ಲಿ ತಾಳಮದ್ದಳೆ ಹಾಕಿದರೆ ಊಟದ ತನಕ ಮನೆಯಲ್ಲಿ ಶಾಂತಿ. ಕೊನೆಗೆ ಅದು ಪುಳ್ಳಿಯ, ಅಂದರೆ ಮೊಮ್ಮಗುವಿನ, ಕೈಗೆ ಹೋಗಿ ಒಂದು ದಿನ ನೀರಿನ ಬಾಲ್ದಿಗೆ ಬೀಳುತ್ತದೆ. ಅದನ್ನು ಸಹಜ ಮರಣ ಅನ್ನಬಹುದು.

ಇಷ್ಟು ಕೈ ದಾಟುವುದು ಹೆಚ್ಚಾಗಿ ಹತ್ತು ಹನ್ನೆರಡು ಸಾವಿರದ ಫೋನು. ಗಲ್ಫಿನಿಂದ ಬಂದ ಭಾವನ ಕೈಯಲ್ಲಿರುವ ಲಕ್ಷದ ಫೋನು ಈ ಸಾಲಿಗೆ ಸೇರುವುದೇ ಇಲ್ಲ. ಎರಡು ವರ್ಷ ಆಯಿತೋ ಇಲ್ಲವೋ, ಅದು ಎಕ್ಸ್‌ಚೇಂಜಿಗೆ ಹೋಗುತ್ತದೆ. ಆದರೆ ಹೆಚ್ಚು ವರ್ಷ ಅಪ್‌ಡೇಟ್ ಸಿಗುವುದು ಯಾವುದಕ್ಕೆ ನೋಡಿ. ಗೂಗಲ್ 2023ರಲ್ಲಿ ತನ್ನ ದುಬಾರಿ ಫೋನು ಪಿಕ್ಸೆಲ್ 8 ತಂದಾಗ ಏಳು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂದಿತು. ಮರುವರ್ಷ ಸ್ಯಾಮ್‌ಸಂಗ್ ತನ್ನ ಎಸ್24 ಸಾಲಿಗೂ ಅದೇ ಮಾತು ಕೊಟ್ಟಿತು. ಕೊಂಡವರಲ್ಲಿ ಏಳು ವರ್ಷ ಅದನ್ನೇ ಹಿಡಿದುಕೊಂಡು ಕೂರುವವರು ಎಷ್ಟು ಮಂದಿ? ಏಳು ವರ್ಷ ನಿಜವಾಗಿ ಬಳಸುವವರು ನಮ್ಮ ಅಮ್ಮ, ಅಪ್ಪ, ಅಜ್ಜ. ಅವರ ಫೋನಿಗೆ ಆಂಡ್ರಾಯ್ಡಿನ, ಅಂದರೆ ಫೋನನ್ನು ನಡೆಸುವ ಗೂಗಲ್ ತಂತ್ರಾಂಶದ, ಒಂದೋ ಎರಡೋ ಹೊಸ ಆವೃತ್ತಿ, ಎರಡು ಮೂರು ವರ್ಷ ಸೆಕ್ಯುರಿಟಿ ಪ್ಯಾಚ್, ಅಂದರೆ ಕಳ್ಳರು ನುಗ್ಗುವ ಕಂಡಿ ಮುಚ್ಚುವ ತೇಪೆ. ಅಲ್ಲಿಗೆ ಮುಗಿಯಿತು. ಅಡಿಕೆ ಸಸಿ ನೆಟ್ಟ ದಿನವೇ ಅಂಥದ್ದೊಂದು ಫೋನು ಕೊಂಡರೆ, ಮರ ಹಿಂಗಾರ ಬಿಡುವ ಹೊತ್ತಿಗೆ ಫೋನು ಕಂಪನಿಯ ಲೆಕ್ಕದಿಂದ ಯಾವತ್ತೋ ಹೊರಬಿದ್ದಿರುತ್ತದೆ.

ಹೊರಬಿದ್ದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅದೇ ತಮಾಷೆ. ಇಂಥ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಅಪ್‌ಡೇಟ್ ಇದೆಯಾ ಎಂದು ಕೇಳಿ. ಒಂದು ಚಕ್ರ ಸ್ವಲ್ಪ ಹೊತ್ತು ತಿರುಗುತ್ತದೆ. ಆಮೇಲೆ ನಿಮ್ಮ ಸಿಸ್ಟಂ ಅಪ್‌ಟುಡೇಟ್ ಆಗಿದೆ ಎಂದು ಸಮಾಧಾನದ ಉತ್ತರ ಬರುತ್ತದೆ. ಅದರ ಕೆಳಗೇ ಸೆಕ್ಯುರಿಟಿ ಪ್ಯಾಚಿನ ತಾರೀಕು ನೋಡಿದರೆ 2021. ಸುಳ್ಳು ಎನ್ನಲಿಕ್ಕೂ ಆಗುವುದಿಲ್ಲ. ಕಂಪನಿ ಕಳಿಸಿದ್ದೆಲ್ಲ ಬಂದು ಸೇರಿದೆ. ಕಂಪನಿ ಕಳಿಸುವುದನ್ನೇ ಬಿಟ್ಟಿದೆ, ಅಷ್ಟೆ.

ಆಂಡ್ರಾಯ್ಡ್ ಅಪ್‌ಡೇಟಿನ ದಾರಿ ಮೊದಲಿನಿಂದಲೂ ಸುತ್ತುಬಳಸಿನದು. ಗೂಗಲ್ ಹೊಸ ಆವೃತ್ತಿ ಬಿಡುತ್ತದೆ. ಫೋನಿನ ಚಿಪ್ ಮಾಡಿದ ಕ್ವಾಲ್ಕಾಮ್, ಮೀಡಿಯಾಟೆಕ್‌ನಂಥವರು ಅದನ್ನು ತಮ್ಮ ಚಿಪ್ಪಿಗೆ ಹೊಂದಿಸಬೇಕು. ಆಮೇಲೆ ಫೋನಿನ ಕಂಪನಿ ತನ್ನ ಬಣ್ಣ, ತನ್ನ ಆ್ಯಪು, ಕೆಲವೊಮ್ಮೆ ತನ್ನ ಜಾಹೀರಾತು ಎಲ್ಲವನ್ನೂ ಅದಕ್ಕೆ ಮೆತ್ತಬೇಕು. ಮಧ್ಯೆ ಒಬ್ಬರು ಕೈ ಬಿಟ್ಟರೂ ಅಪ್‌ಡೇಟ್ ಅಲ್ಲೇ ನಿಂತಿತು.

ಇದನ್ನು ಸರಿ ಮಾಡಲು ಗೂಗಲ್ ಕಡಿಮೆ ಬೆಲೆಯ ಫೋನಿನಲ್ಲೇ, ಅದೂ ಭಾರತದಲ್ಲೇ, ಒಂದು ಪ್ರಯತ್ನ ಮಾಡಿತ್ತು. 2014ರ ಸೆಪ್ಟೆಂಬರಿನಲ್ಲಿ ಬಂದ ಆಂಡ್ರಾಯ್ಡ್ ಒನ್ ಅದು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಮೂರೂ ಒಂದೊಂದು ಫೋನು ತಂದವು. ಬೆಲೆ 6,399 ರೂಪಾಯಿಯಿಂದ ಶುರು. ಅಪ್‌ಡೇಟ್ ಗೂಗಲ್ಲೇ ನೋಡಿಕೊಳ್ಳುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆಂಡ್ರಾಯ್ಡ್ 4.4ರಲ್ಲಿ ಬಂದ ಅವು 6ರ ತನಕ ಹೋದವು. ಆ ಬೆಲೆಗೆ, ಆ ಕಾಲಕ್ಕೆ, ಅದು ಸಣ್ಣ ಮಾತೇನಲ್ಲ. ಈಗ ಆ ಮೂರು ಕಂಪನಿಗಳ ಹೆಸರು ಹೇಳಿದರೆ ಕಾಲೇಜು ಹುಡುಗರು ಮುಖ ನೋಡುತ್ತಾರೆ.

ಆಮೇಲೆ 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಟ್ರೆಬಲ್ ಎಂಬ ಏರ್ಪಾಡು ಬಂತು. ಚಿಪ್ಪಿಗೆ ಅಂಟಿದ ಭಾಗ ಬೇರೆ, ಉಳಿದ ಆಂಡ್ರಾಯ್ಡ್ ಬೇರೆ ಎಂದು ಗೆರೆ ಎಳೆದರು. ಆಂಡ್ರಾಯ್ಡ್ 10ರಿಂದ ಕೆಲವು ಭಾಗಗಳು ಕಂಪನಿಯನ್ನು ಕಾಯದೆ ಪ್ಲೇ ಸ್ಟೋರಿನ ದಾರಿಯಲ್ಲೇ ಬರತೊಡಗಿದವು. ಕೆಲಸ ಮೊದಲಿನಷ್ಟು ಕಷ್ಟದ್ದಲ್ಲ. ಹಾಗಾಗಿ "ಕಡಿಮೆ ಬೆಲೆಯ ಫೋನಿಗೆ ಇಷ್ಟೇ ಸಾಧ್ಯ" ಎಂಬ ಮಾತನ್ನು ನಾನು ನಂಬುವುದಿಲ್ಲ. 2024ರಲ್ಲಿ ಬಂದ ಸ್ಯಾಮ್‌ಸಂಗ್ ಎ16 5ಜಿ ಫೋನಿಗೆ ಆರು ವರ್ಷದ ಮಾತು ಕೊಟ್ಟಿದ್ದಾರೆ. ಅದೇನು ಲಕ್ಷದ ಫೋನಲ್ಲ. ಮನಸ್ಸಿದ್ದರೆ ಆಗುತ್ತದೆ, ಅಲ್ವಾ?

ಇಷ್ಟೆಲ್ಲ ಹೇಳಿದರೂ ನಮ್ಮ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಸಿಗುವ ಉಪದೇಶ ಪೂರಾ ಉಲ್ಟಾ. "ಅಕ್ಕ, ಅಪ್‌ಡೇಟ್ ಅಂತ ಬಂದ್ರೆ ಒತ್ತಬೇಡಿ. ಮತ್ತೆ ಹ್ಯಾಂಗ್ ಆಗ್ತದೆ." ಇದು ಬರೀ ಮೂಢನಂಬಿಕೆ ಅಂತಲೂ ಅಲ್ಲ. ಅಪ್‌ಡೇಟ್ ಕಳಿಸಿ ಹಳೆಯ ಫೋನುಗಳನ್ನು ನಿಧಾನ ಮಾಡಿದ್ದಕ್ಕೆ ಇಟಲಿಯವರು 2018ರಲ್ಲಿ ಆಪಲ್‌ಗೆ ಒಂದು ಕೋಟಿ ಯೂರೋ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ ದಂಡ ಹಾಕಿದ್ದರು. ಎರಡು ಜಿಬಿ ರ‍್ಯಾಮಿನ ಫೋನಿಗೆ ಹೊಸ ಆಂಡ್ರಾಯ್ಡ್ ಹಾಕಿದರೆ ಅದು ಏದುಸಿರು ಬಿಡುವುದು ನಿಜ. ಆದರೆ ಆವೃತ್ತಿ ಬದಲಾಗುವ ದೊಡ್ಡ ಅಪ್‌ಡೇಟ್ ಬೇರೆ, ತಿಂಗಳ ಸೆಕ್ಯುರಿಟಿ ಪ್ಯಾಚ್ ಬೇರೆ. ಅಂಗಡಿಯ ಹುಡುಗನ ಉಪದೇಶದಲ್ಲಿ ಎರಡೂ ಒಂದೇ ಪಾತ್ರೆಗೆ ಬಿದ್ದಿರುತ್ತವೆ.

ತಿಂಗಳ ಪ್ಯಾಚಿನ ಪದ್ಧತಿ ಶುರುವಾದದ್ದೂ ಒಂದು ಹೆದರಿಕೆಯಿಂದಲೇ. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಹೊರಬಂತು. ಚಿತ್ರ, ವಿಡಿಯೊ ಹೊತ್ತು ಬರುವ ಒಂದು ಎಂಎಂಎಸ್ ಮೆಸೇಜು ಬಂದರೆ ಸಾಕು, ನೀವು ಅದನ್ನು ತೆರೆಯದೆಯೂ ಫೋನಿನೊಳಗೆ ಇನ್ನೊಬ್ಬರು ಹೊಕ್ಕುಬಿಡುವ ಸಾಧ್ಯತೆ ಇತ್ತು. ಅದೇ ವರ್ಷ ಆಗಸ್ಟಿನಿಂದ ಗೂಗಲ್ ತಿಂಗಳು ತಿಂಗಳು ಪ್ಯಾಚ್ ಬಿಡಲು ಶುರು ಮಾಡಿತು. ಈಗ ಎಂಎಂಎಸ್ ಯಾರಿಗೂ ಬೇಡ. ವಾಟ್ಸಾಪಿನಲ್ಲಿ ಮದುವೆ ಕಾಗದ ಎಂದು ಹೇಳಿಕೊಂಡು ಎಪಿಕೆ ಫೈಲು, ಅಂದರೆ ಒತ್ತಿದರೆ ಫೋನಿಗೆ ಆ್ಯಪು ಹಾಕುವ ಫೈಲು, ಬರುತ್ತದೆ. ಮದುವೆ ಅಂದರೆ ನಮ್ಮವರು ಒತ್ತದೆ ಬಿಡುತ್ತಾರಾ? ಒತ್ತುವ ಬೆರಳನ್ನು ಯಾವ ಪ್ಯಾಚೂ ತಡೆಯುವುದಿಲ್ಲ, ಒಪ್ಪಿದೆ. ಆದರೆ ನಾಲ್ಕು ವರ್ಷದಿಂದ ಪ್ಯಾಚ್ ಕಾಣದ ಫೋನಿನಲ್ಲಿ ಒತ್ತಿದರೆ ಒಳಗೆ ಬಂದವನ ಕೆಲಸ ಇನ್ನೂ ಸಲೀಸು. ಮನೆಯಲ್ಲಿ ಎಲ್ಲರಿಗಿಂತ ಹಳೆಯ ಫೋನು ಇರುವುದು ಎಲ್ಲರಿಗಿಂತ ಬೇಗ ನಂಬುವವರ ಕೈಯಲ್ಲಿ.

ಅಜ್ಜನಿಗೆ ತಾಳಮದ್ದಳೆ ಸಾಕು. ಅಮ್ಮನಿಗೆ ಹಾಗಲ್ಲ. ಕರೆಂಟ್ ಬಿಲ್ಲು, ಗ್ಯಾಸು, ಬ್ಯಾಂಕಿನ ಓಟಿಪಿ ಎಲ್ಲ ಅದರಲ್ಲೇ. ಕಾಸರಗೋಡಿನ ಕನ್ನಡದವರಿಗೆ ಇನ್ನೂ ಒಂದು ಉಪಯೋಗ ಉಂಟು. ಮಲಯಾಳದಲ್ಲಿ ನೋಟೀಸು ಬಂದರೆ ಅದಕ್ಕೆ ಕ್ಯಾಮರಾ ಹಿಡಿದರಾಯಿತು, ಹರುಕು ಮುರುಕಾದರೂ ಕನ್ನಡದಲ್ಲಿ ತೋರಿಸುತ್ತದೆ. ಮೊದಲೆಲ್ಲ ಇದಕ್ಕೆ ಪಕ್ಕದ ಮನೆಯ ಮಾಷ್ಟ್ರನ್ನು ಹುಡುಕಿಕೊಂಡು ಹೋಗಬೇಕಿತ್ತು. ಮೊದಮೊದಲ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವೇ ಚೌಕ ಚೌಕ ಡಬ್ಬಿಯಾಗಿ ಕಾಣುತ್ತಿತ್ತು, ಇನ್ನು ಮಲಯಾಳ ಓದಿ ಹೇಳುವುದೆಲ್ಲಿ ಬಂತು. ಆದರೆ ಆ್ಯಪುಗಳು ವರ್ಷ ವರ್ಷ ದಪ್ಪ ಆಗುತ್ತವೆ. ಹಳೆಯ ಆಂಡ್ರಾಯ್ಡನ್ನು ಒಂದೊಂದಾಗಿ ಕೈ ಬಿಡುತ್ತವೆ. ವಾಟ್ಸಾಪ್ 2025ರ ಜನವರಿ 1ರಿಂದ ಆಂಡ್ರಾಯ್ಡ್ 4.4 ಇರುವ ಫೋನುಗಳನ್ನು ಬಿಟ್ಟಿತು. ಬ್ಯಾಂಕಿನ ಆ್ಯಪುಗಳಿಗಂತೂ ಅಷ್ಟು ತಾಳ್ಮೆಯೂ ಇಲ್ಲ. ಗ್ಲಾಸು ಒಡೆದಿಲ್ಲ, ಬ್ಯಾಟರಿ ಉಬ್ಬಿಲ್ಲ, ಮಳೆಗಾಲದ ಥಂಡಿಗೆ ಚಾರ್ಜಿಂಗ್ ಪಿನ್ನೂ ಹೋಗಿಲ್ಲ. ಆದರೂ ಫೋನು ಬದಲಿಸಬೇಕು.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಮಾಡೆಲಿಗೆ, ಅದರ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಸಿಗಬೇಕು. ಲೆಕ್ಕ ಶುರುವಾಗುವುದು ಮಾರಾಟ ನಿಂತ ಮೇಲೆ ಎಂಬುದೇ ಇದರಲ್ಲಿ ನನಗೆ ತುಂಬ ಇಷ್ಟವಾದದ್ದು. ನಮ್ಮಲ್ಲಿ ಆಫರ್ ಇದೆ ಎಂದು ಎರಡು ವರ್ಷ ಹಳೆಯ ಮಾಡೆಲ್ ತೆಗೆದುಕೊಂಡರೆ ಅದರ ಅರ್ಧ ಆಯುಸ್ಸು ಗೋಡೌನಿನಲ್ಲೇ ಕಳೆದಿರುತ್ತದೆ. ಭಾರತದಲ್ಲಿ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರಿ ಪೋರ್ಟಲ್, ಅಂದರೆ ಕೊಂಡ ವಸ್ತುವಿನ ರಿಪೇರಿಯ ಮಾಹಿತಿ ಕೊಡುವ ಸರಕಾರಿ ಜಾಲತಾಣ, ಬಂತು. ಒಳ್ಳೆಯದೇ. ಆದರೆ ನಮ್ಮ ಪೇಟೆಯಲ್ಲಿ ಡಿಸ್‌ಪ್ಲೇ ಬದಲಿಸುವವರಿಗೇನೂ ಬರಗಾಲ ಇರಲಿಲ್ಲ. ಸಿಗದೆ ಇರುವುದು ಪ್ಯಾಚು.

ಮೊನ್ನೆ ಅಮ್ಮನಿಗೆ ಹೊಸ ಫೋನು ನೋಡಲು ಹೋದಾಗ ಅಂಗಡಿಯವನಲ್ಲಿ ಕೇಳಿದೆ, "ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಉಂಟು?" ಅವನು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕ್ಯಾಮರಾ, ಬ್ಯಾಟರಿ, ಎಂಆರ್‌ಪಿ, ತಯಾರಾದ ತಿಂಗಳು ಎಲ್ಲ ಇತ್ತು. "ಅದು ಬರ್ದಿಲ್ಲ ಅಣ್ಣ. ಬ್ಯಾಟರಿ ಐದು ಸಾವಿರ ಉಂಟು, ಗ್ಲಾಸು ಫ್ರೀ." ಪಕ್ಕದಲ್ಲಿದ್ದ ಅಮ್ಮ ಆಗಲೇ ಪೌಚಿನ ಬಣ್ಣ ಆರಿಸುತ್ತಿದ್ದಳು.