ಲದ್ದಿ ಲೆಕ್ಕದಲ್ಲಿ ನಾವೇ ಫಸ್ಟು

ಕಾಡಾನೆಗಳ ಸಂಖ್ಯೆಯಲ್ಲಿ ದೇಶಕ್ಕೆ ಕರ್ನಾಟಕವೇ ಮೊದಲು. ಈ ಸುದ್ದಿಗೆ ಬೆಂಗಳೂರಿನಲ್ಲಿ ಚಪ್ಪಾಳೆ, ಆಲೂರು-ಸಕಲೇಶಪುರದಲ್ಲಿ ನಿಟ್ಟುಸಿರು. ಆನೆ ಅದೇ, ಅಂಕಿಯೂ ಅದೇ. ಪತ್ರಿಕಾಗೋಷ್ಠಿಯ ಮೈಕಿನ ಮುಂದೆ ಅದು ‘ನಮ್ಮ ನಾಡಿನ ಸಂಪತ್ತು’. ಹೆತ್ತೂರು ಕಡೆಯ ಗದ್ದೆ ಬದುವಿನ ಮೇಲೆ ನಿಂತ ರೈತನ ಬಾಯಲ್ಲಿ ‘ನಿಮ್ ಆನೆ ಮೊದ್ಲು ಕರ್ಕಂಡ್ ಹೋಗ್ರಿ ಸಾರ್’. ಆನೆಯೇನೋ ನಡೆದುಕೊಂಡು ಬಂದದ್ದು. ಹೆಮ್ಮೆ ಮಾತ್ರ ಅದರ ಜತೆ ಹಾಸನ ದಾಟಿ ಈಚೆಗೆ ಬರಲೇ ಇಲ್ಲ.

2017ರ ಲೆಕ್ಕದಲ್ಲಿ ರಾಜ್ಯದ ಆನೆ 6,049. 2023ರಲ್ಲಿ 6,395. 2025ರ ಅಕ್ಟೋಬರಿನಲ್ಲಿ ಡಿಎನ್‌ಎ ಆಧಾರದ ಹೊಸ ಲೆಕ್ಕ ಬಂತು: 6,013. ಎರಡನೇ ಸ್ಥಾನದ ಅಸ್ಸಾಂ 4,159ರಲ್ಲಿ ದೂರ ಉಳಿದಿದೆ, ಹಾಗಾಗಿ ಪದಕಕ್ಕೆ ಭಯವಿಲ್ಲ. ಆದರೆ ಬಾಳ್ಳುಪೇಟೆಯ ಹೋಟೆಲಿನಲ್ಲಿ ಪೇಪರ್ ಓದುತ್ತಿದ್ದವರೊಬ್ಬರು ಕಳೆಯುವ ಲೆಕ್ಕ ಮಾಡಿಬಿಟ್ಟರು.

‘ಅಲ್ರೀ, 382 ಆನೆ ಎಲ್ಲಿಗೆ ಹೋದ್ವು?’

ಎದುರಿಗೆ ಕೂತಿದ್ದ ಗೌಡ್ರು ಇಡ್ಲಿ ಮುರಿಯುತ್ತಲೇ ಹೇಳಿದರು: ‘ನಮ್ ತೋಟ್ದಲ್ಲವೆ. ಬಂದು ಎಣಿಸ್ಕಂಡ್ ಹೋಗಕ್ಕೆ ಹೇಳಿ.’

ಪಾಪ, ವರದಿ ಬರೆದವರ ತಪ್ಪೇನೂ ಇಲ್ಲ. ಇದು ಬೇರೆ ವಿಧಾನ, ಹಳೆಯ ಅಂಕಿಗಳ ಪಕ್ಕ ಇಟ್ಟು ಹೋಲಿಸಬೇಡಿ, ಇನ್ನು ಮುಂದಕ್ಕೆ ಇದೇ ಬುನಾದಿ ಎಂದು ಅವರು ಸ್ಪಷ್ಟವಾಗಿಯೇ ಬರೆದಿದ್ದಾರೆ. ಇಡೀ ದೇಶದ ಆನೆ 22,446 ಎನ್ನುವ ಜಾಗದಲ್ಲೇ, ಅದು 18,255ರಿಂದ 26,645ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಎಂದೂ ಹೇಳಿದ್ದಾರೆ. ವಿಜ್ಞಾನ ಬಲ್ಲವರು ಹೀಗೇ ಮಾತಾಡುವುದು, ಹಿಂದೆ ಮುಂದೆ ಸ್ವಲ್ಪ ಜಾಗ ಬಿಟ್ಟು. ಆ ಜಾಗ ವೇದಿಕೆಗೆ ಆಗಿಬರುವುದಿಲ್ಲ. ‘ನಮ್ಮಲ್ಲಿ ಆನೆ ಇಷ್ಟರಿಂದ ಇಷ್ಟರೊಳಗೆ ಇರಬಹುದು’ ಎಂದು ಹೇಳಿ ಹಾರ ಹಾಕಿಸಿಕೊಂಡವರುಂಟೇ?

ಹುಲಿಯ ವಿಷಯದಲ್ಲಂತೂ ಇದು ಪಕ್ಕಾ ಎಸ್ಸೆಸ್ಸೆಲ್ಸಿ ಫಲಿತಾಂಶ. ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ. 2014ರಲ್ಲಿ 406 ಹುಲಿಗಳೊಂದಿಗೆ ನಾವು ರ‍್ಯಾಂಕ್ ವಿದ್ಯಾರ್ಥಿ. 2018ರಲ್ಲಿ ನಮಗೆ 524, ಮಧ್ಯಪ್ರದೇಶಕ್ಕೆ 526. ಎರಡೇ ಎರಡು ಹುಲಿಯಲ್ಲಿ ರ‍್ಯಾಂಕ್ ಕೈತಪ್ಪಿತು! ಆ ವಾರ ನಾಡಿನಲ್ಲಿ ಎಂಥ ಸೂತಕ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕೋಣ ಎಂದು ಯಾರೂ ಹೇಳಲಿಲ್ಲವೆಂಬುದೇ ಆಶ್ಚರ್ಯ. ಅದೇ ವರದಿಯಲ್ಲಿ ದೇಶದ ಒಟ್ಟು ಹುಲಿ 2,967 ಎಂದು ಬರೆದು, ಪಕ್ಕದಲ್ಲೇ 2,603ರಿಂದ 3,346 ಎಂದೂ ನಮೂದಿಸಿದ್ದರು. ಏಳುನೂರಕ್ಕೂ ಹೆಚ್ಚು ಹುಲಿ ಆಚೀಚೆ ಆಗಬಹುದಾದ ಲೆಕ್ಕದಲ್ಲಿ ನಾವು ಎರಡು ಹುಲಿಗಾಗಿ ಅತ್ತೆವು. 2022ರಲ್ಲಿ ನಮಗೆ 563, ಅವರಿಗೆ 785. ಈ ಸಲ ಅಳುವುದಕ್ಕೂ ಆಸ್ಪದ ಕೊಡಲಿಲ್ಲ. ಹಿಂದೆ ತಿರುಗಿ ನೋಡಿದರೆ 560 ಇಟ್ಟುಕೊಂಡ ಉತ್ತರಾಖಂಡ ಬೆನ್ನ ಮೇಲೇ ಉಸಿರು ಬಿಡುತ್ತಿದೆ.

ಅಂಕ ಹೆಚ್ಚಿಸುವ ಈ ಚಟ ಹಳೆಯದು. ಹಿಂದೆ ಹುಲಿಯನ್ನು ಹೆಜ್ಜೆಗುರುತಿನ ಮೇಲೆ ಎಣಿಸುತ್ತಿದ್ದರು. ಗಾಜು ಇಟ್ಟು ಗುರುತನ್ನು ನಕಲು ಮಾಡಿಕೊಂಡು, ಪ್ಲಾಸ್ಟರ್ ಅಚ್ಚು ತೆಗೆದು, ಇದು ಇಂಥ ಹುಲಿಯದೇ ಎಂದು ತೀರ್ಮಾನಿಸುವುದು. ಒಂದೇ ಹುಲಿ ಕೆಸರಲ್ಲಿ ನಡೆದರೆ ಒಂದು ಪಾದ, ಮರಳಲ್ಲಿ ನಡೆದರೆ ಇನ್ನೊಂದು ಪಾದ. ಪೇಟೆ ಸುತ್ತಿ ಬಂದರೆ ಒಂದು ಸಂಸಾರವೇ ಆಗುತ್ತಿತ್ತೇನೋ. ರಾಜಸ್ಥಾನದ ಸರಿಸ್ಕಾದಲ್ಲಿ ಕಡತದ ತುಂಬ ಹುಲಿಗಳಿದ್ದವು. 2004-05ರ ಹೊತ್ತಿಗೆ ಹೋಗಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಡತದ ಹುಲಿಯನ್ನು ಯಾವ ಬೇಟೆಗಾರನೂ ಹೊಡೆಯಲಾರ, ಅಷ್ಟು ಭದ್ರ. ನಮ್ಮ ಪುತ್ತೂರು ಕಡೆಯ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು ಅದಕ್ಕೆ ಮೊದಲೇ ನಾಗರಹೊಳೆಯಲ್ಲಿ ಕ್ಯಾಮೆರಾ ಕಟ್ಟಿ, ಪ್ರತಿ ಹುಲಿಯ ಪಟ್ಟೆಯೂ ಬೇರೆ ಬೇರೆ, ಅದನ್ನು ನೋಡಿ ಎಣಿಸಿ ಎಂದು ಬಡಕೊಂಡಿದ್ದರು. ಸರಿಸ್ಕಾದಲ್ಲಿ ಹುಲಿ ಖಾಲಿಯಾದ ಮೇಲೆ ಆ ಮಾತು ಕೇಳಿಸಿತು. ಈಗ ನಮ್ಮ ಭದ್ರಾದಲ್ಲೂ ಮರಕ್ಕೆ ಕ್ಯಾಮೆರಾ. ಅದರಲ್ಲಿ ಹುಲಿಗಿಂತ ಮೊದಲು ಬೀಳುವುದು ಕಟ್ಟಿದವನ ಮುಖವೇ.

ಆನೆಗೆ ಪಟ್ಟೆ ಇಲ್ಲ. ಅದಕ್ಕಿರುವುದು ಲದ್ದಿ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಾಡಿನ ಹೆಮ್ಮೆ ನಿಂತಿರುವುದೇ ಇದರ ಮೇಲೆ. 2023ರ ಮೇ 17ರಿಂದ 19ರವರೆಗೆ ನಾವೂ ಅಕ್ಕಪಕ್ಕದ ಕೆಲವು ರಾಜ್ಯಗಳೂ ಒಟ್ಟಿಗೆ ಗಣತಿ ಮಾಡಿದೆವು. ಮೊದಲ ದಿನ ಗೊತ್ತು ಮಾಡಿದ ಬ್ಲಾಕಿನೊಳಗೆ ನಡೆದು ಕಂಡ ಆನೆಯನ್ನು ನೇರವಾಗಿ ಎಣಿಸುವುದು. ಎರಡನೇ ದಿನ ಕಾಡಿನಲ್ಲಿ ಗೆರೆ ಎಳೆದಂತೆ ನೆಟ್ಟಗೆ ನಡೆದು ಲದ್ದಿ ಗುಡ್ಡೆ ಎಣಿಸುವುದು. ಮೂರನೇ ದಿನ ನೀರಿಗೆ ಬರುವ ಕಡೆ ಕಾದು ಕೂರುವುದು. ಲದ್ದಿಯಿಂದ ಆನೆಗೆ ಬರುವ ದಾರಿ ಹೀಗೆ: ಒಂದು ಆನೆ ದಿನಕ್ಕೆ ಸುಮಾರು 16 ಸಲ ಲದ್ದಿ ಹಾಕುತ್ತದೆ ಎಂದಿಟ್ಟುಕೊಳ್ಳಿ, ಹಾಕಿದ್ದು ಮಣ್ಣಾಗಿ ಹೋಗಲು ಎಷ್ಟು ದಿನ ಬೇಕೆಂದು ತಿಳಿದುಕೊಳ್ಳಿ, ಕಂಡ ಗುಡ್ಡೆಗಳನ್ನು ಇವೆರಡರ ಜತೆ ಗುಣಿಸಿ ಭಾಗಿಸಿ. ಲೆಕ್ಕ ಗಟ್ಟಿಯಾಗಿದೆ. ಬಯಲುಸೀಮೆಯ ಬಿಸಿಲಿನಲ್ಲಿ ಲದ್ದಿಯೂ ಗಟ್ಟಿಯಾಗಿರುತ್ತದೆ. ಬಿಸಿಲೆ ಘಾಟಿಯಲ್ಲಿ ಒಂದು ಜಡಿಮಳೆ ಹೊಡೆಯಲಿ, ಸಗಣಿ ಹುಳು ಒಂದು ರಾತ್ರಿ ಕೆಲಸ ಮಾಡಲಿ, ಆನೆ ಬಂದದ್ದಕ್ಕೂ ಸಾಕ್ಷಿ ಉಳಿಯುವುದಿಲ್ಲ.

ಮೊನ್ನೆ ತೋಟದ ಅಂಚಿನಲ್ಲಿ ಅರಣ್ಯ ಇಲಾಖೆಯ ಒಬ್ಬ ವಾಚರ್ ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಬಗ್ಗಿ ಕೂತಿದ್ದ. ಮುಂದೆ ಒಂದು ಗುಡ್ಡೆ, ಅರ್ಧ ಕರಗಿದೆ. ಅದರೊಳಗಿಂದ ಹಲಸಿನ ಬೀಜಗಳು ಸಾಲಾಗಿ ಇಣುಕುತ್ತಿವೆ, ಸೀಳಿದ ಬೈನೆ ನಾರು ಒಂದು ಕಡೆ ಮೀಸೆಯಂತೆ ಚಾಚಿದೆ. ಅವನ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲು.

‘ಇದು ಒಂದು ಅಂತ ಬರೀಲೋ, ಎರಡು ಅಂತ ಬರೀಲೋ ಸಾರ್? ಮಳೆ ಬಂದು ಇಬ್ಭಾಗ ಆಗದೆ.’

ನಾನೇನು ಹೇಳಲಿ. ರಾಜ್ಯದ ಮಾನ ಆ ಕ್ಷಣಕ್ಕೆ ಅವನ ಕೈಯಲ್ಲಿತ್ತು. ತಿಂಗಳ ಕೊನೆಗೆ ಅವನ ಕೈಗೆ ಬರುವ ಸಂಬಳ ಎಷ್ಟೆಂದು ಕೇಳಿದೆ. ಅದಕ್ಕೆ ಅವನು ನಕ್ಕ. ಆ ಅಂಕಿಗೆ ಹಿಂದೆ ಮುಂದೆ ಅಂತರವೂ ಇಲ್ಲವಂತೆ.

ಡಿಎನ್‌ಎ ಗಣತಿಯಲ್ಲಿ ಇನ್ನೂ ಮುಂದೆ ಹೋದರು. ದೇಶದಾದ್ಯಂತ 21,056 ಲದ್ದಿ ಮಾದರಿ ಸಂಗ್ರಹಿಸಿ, ಪ್ರಯೋಗಾಲಯಕ್ಕೆ ಹೊತ್ತು, ಅದರಲ್ಲಿ 4,065 ಬೇರೆ ಬೇರೆ ಆನೆಗಳನ್ನು ಗುರುತಿಸಿದರು. ಮತ್ತೆ ಮತ್ತೆ ಸಿಕ್ಕಿದವು ಎಷ್ಟು ಎಂಬುದರಿಂದ ಸಿಗದವು ಎಷ್ಟಿರಬಹುದೆಂದು ಅಂದಾಜಿಸಿದರು. ನಿಜಕ್ಕೂ ಜಾಣತನದ ಕೆಲಸ. ಹೊರಗೆ ಹಾಕಿದ್ದನ್ನು ನೋಡಿ ಒಳಗಿನವರು ಯಾರೆಂದು ಹೇಳುವ ಈ ವಿದ್ಯೆಯನ್ನು ತಾಲ್ಲೂಕು ಕಚೇರಿಗಳಿಗೂ ವಿಸ್ತರಿಸಬಹುದಿತ್ತು. ಇರಲಿ.

2023ರ ಗಣತಿಯಲ್ಲಿದ್ದ, ಎಲ್ಲರೂ ಒಂದೇ ದಿನ ಎಣಿಸಬೇಕು ಎಂಬ ನಿಯಮಕ್ಕೆ ಕಾರಣವುಂಟು. ಆನೆಗೆ ಗಡಿ ಗೊತ್ತಿಲ್ಲ. ಇಂದು ಇಲ್ಲಿ ಎಣಿಸಿದ್ದನ್ನು ನಾಳೆ ಅಲ್ಲಿಯವರೂ ಎಣಿಸಿಬಿಟ್ಟರೆ ಒಂದು ಎರಡಾಗುತ್ತದೆ. ಗಣತಿ ದಿನ ಹಾಗಾಗುವುದು ಎಲ್ಲರಿಗೂ ಇಷ್ಟವೇ. ಉಳಿದ ದಿನಗಳಲ್ಲಿ ನೋಡಿ: ಸಕಲೇಶಪುರದ ಹಿಂಡು ಬೇಲೂರಿನ ತೋಟ ಹೊಕ್ಕು ಮೂಡಿಗೆರೆ ಕಡೆ ಹೆಜ್ಜೆ ಹಾಕಿತೆಂದರೆ ಹಾಸನದ ಫೋನು ‘ಅದು ಚಿಕ್ಕಮಗಳೂರು ಡಿವಿಜನ್ನಿಗೆ ಹೋಗಿದೆ’ ಎನ್ನುತ್ತದೆ, ಚಿಕ್ಕಮಗಳೂರಿನ ಫೋನು ‘ಅದು ಹಾಸನದ ಆನೆ ಕಣ್ರಿ’ ಎನ್ನುತ್ತದೆ. ಗಣತಿಯಲ್ಲಿ ಎರಡಾಗಬಹುದಾಗಿದ್ದ ಆನೆ ಬೆಳೆ ಪರಿಹಾರದ ಅರ್ಜಿಯಲ್ಲಿ ಸೊನ್ನೆ. ಭತ್ತ ಹೋಯಿತು, ಬಾಳೆ ಹೋಯಿತು, ಕಾಫಿ ಗಿಡ ಮುರಿಯಿತು. ತಿಂದವರು ಯಾರೂ ಇಲ್ಲ.

ಆದರೂ ನಮ್ಮವರು ಎಷ್ಟು ಬೇಗ ಒಗ್ಗಿಕೊಂಡಿದ್ದಾರೆಂದರೆ, ಇಲ್ಲಿಯ ಆನೆಗಳಿಗೆಲ್ಲ ಹೆಸರಿದೆ. ಭೀಮ, ಕ್ಯಾಪ್ಟನ್, ಭುವನೇಶ್ವರಿ, ಬೀಟಮ್ಮ. ಹಿಂಡಿನ ಯಜಮಾನಿಯರ ಕುತ್ತಿಗೆಗೆ ರೇಡಿಯೊ ಕಾಲರ್. ಬೆಳಗ್ಗೆ ಏಳುತ್ತಲೇ ವಾಟ್ಸ್ಆ್ಯಪಿನಲ್ಲಿ ಸಂದೇಶ: ಇಂಥ ಹಿಂಡು ಇಂಥ ಎಸ್ಟೇಟಿನಲ್ಲಿದೆ, ಕೂಲಿ ಕಾರ್ಮಿಕರು ಆ ಕಡೆ ಹೋಗಬಾರದು. ಒಳ್ಳೆಯ ಏರ್ಪಾಡು, ಇದರಿಂದ ಜೀವ ಉಳಿದಿದೆ, ಇದನ್ನು ಗೇಲಿ ಮಾಡಲಾರೆ. ಗೇಲಿ ಇರುವುದು ಸಂದೇಶದ ಕೆಳಗೆ. ಸಂದೇಶ ಬಂದು ಅರ್ಧ ಗಂಟೆಗೆ ಕಾರುಗಳು ಬರುತ್ತವೆ. ಹೋಂಸ್ಟೇ ಅತಿಥಿಗಳು. ‘ಭೀಮ ಇರೋದು ಯಾವ ಕಡೆ ಬ್ರೋ?’ ಲೈನ್ ಮನೆಯ ಹೆಂಗಸು ಕೆಲಸವಿಲ್ಲದೆ, ಅಂದರೆ ಆ ದಿನದ ಕೂಲಿಯಿಲ್ಲದೆ, ಬಾಗಿಲು ಹಾಕಿಕೊಂಡು ಕೂತಿದ್ದಾಳೆ. ಹೊರಗೆ ರಸ್ತೆಯಲ್ಲಿ ಮೊಬೈಲು ಎತ್ತಿ ಹಿಡಿದ ಜನ ಆನೆಗೆ ಕೇಕೆ ಹಾಕುತ್ತಿದ್ದಾರೆ. ಇವರನ್ನು ಯಾವ ಬ್ಲಾಕಿನಲ್ಲಿ ಎಣಿಸುತ್ತಾರೋ ತಿಳಿಯದು. ಮಳೆ ಬಂದರೂ ಕರಗದ ಗುರುತು ಬಿಟ್ಟುಹೋಗುವುದರಿಂದ ಅಂದಾಜು ಮಾಡುವುದೇನೂ ಕಷ್ಟವಲ್ಲ. ನೀರಿನ ಬಾಟಲಿ, ಚಿಪ್ಸ್ ಪೊಟ್ಟಣ.

ಆನೆ, ಹುಲಿ ಹೀಗೆ ಅಂಕ ತಂದುಕೊಡುತ್ತವೆ. ಅಂಕ ತರದವರ ಕಥೆ ಬೇರೆ.

ಶಿರಾಡಿ ಘಾಟಿಯಲ್ಲಿ ಕೆಂಪುಹೊಳೆ ಇದೆ. ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ವಾಂತಿಗೆ ತಲೆ ಹೊರಹಾಕಿದವರೆಲ್ಲ ಅದನ್ನು ನೋಡಿದ್ದಾರೆ. 1937ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊ. ಸಿ.ಆರ್. ನಾರಾಯಣ ರಾವ್ ಇಲ್ಲಿಯ ಕಪ್ಪೆಗಳನ್ನು ಜಗತ್ತಿಗೆ ಪರಿಚಯಿಸಿದರು. ಅವುಗಳಲ್ಲಿ ಒಂದು ಇರುಳುಗಪ್ಪೆಗೆ ಹೊಳೆಯ ಹೆಸರನ್ನೇ ಇಟ್ಟರು, ಈಗ ಅದು ನಿಕ್ಟಿಬ್ಯಾಟ್ರಾಕಸ್ ಕೆಂಪೊಳೆಯೆನ್ಸಿಸ್. ಒಂದು ಇಂಚೂ ಇಲ್ಲದ ಜೀವ. ಅದರ ಇಡೀ ಕುಲ ಪಶ್ಚಿಮಘಟ್ಟ ಬಿಟ್ಟು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. 1986ರಲ್ಲಿ ಗುಂಡ್ಯದ ಹೆಸರು ಹೊತ್ತ ಇನ್ನೊಂದು ಕಪ್ಪೆ ದಾಖಲಾಯಿತು. 2010ರಲ್ಲಿ ಒಂದು ಇಡೀ ಕುಲಕ್ಕೆ ರಾವ್ ಅವರ ನೆನಪಿಗೆ ರಾವೊರ್ಕೆಸ್ಟಿಸ್ ಎಂದು ಹೆಸರಿಟ್ಟರು. ಹಾಸನ ಜಿಲ್ಲೆಯ ಹೆಸರು ಜೀವಶಾಸ್ತ್ರದ ಪುಸ್ತಕ ಸೇರಿದ್ದು ಈ ಕಪ್ಪೆಗಳ ಪುಣ್ಯದಿಂದ. ಒಬ್ಬ ಶಾಸಕರಾದರೂ ‘ಇರುಳುಗಪ್ಪೆಯಲ್ಲಿ ನಾವೇ ನಂಬರ್ ಒನ್’ ಎಂದು ಫ್ಲೆಕ್ಸ್ ಕಟ್ಟಿಸಿದರೇ? ಇಲ್ಲ. ಫ್ಲೆಕ್ಸಿನಲ್ಲಿ ಕಪ್ಪೆಯ ಪಕ್ಕ ನಿಂತರೆ ಯಾರು ಯಾರೆಂಬ ಗೊಂದಲವಾದೀತೆಂದು ಹಿಂಜರಿದಿರಬಹುದು.

ಅದೇ ಕಣಿವೆಗಳಲ್ಲಿ ಎತ್ತಿನಹೊಳೆ ಯೋಜನೆ ಬಂತು. ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ನೀರು. 24.01 ಟಿಎಂಸಿ ಎಂಬ ಆ ದಶಮಾಂಶದ ನಿಖರತೆ ನೋಡಿ, ಲದ್ದಿ ಎಣಿಸುವವರು ನಾಚಬೇಕು. ಎಂಟು ಸಾವಿರ ಕೋಟಿ ಚಿಲ್ಲರೆಯಿಂದ ಶುರುವಾದ ವೆಚ್ಚ ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. ನಾಲ್ಕು ವರ್ಷಕ್ಕೊಮ್ಮೆ ಇಷ್ಟು ಚೆನ್ನಾಗಿ ಸಂತಾನಾಭಿವೃದ್ಧಿ ಯಾವ ಹುಲಿಯೂ ಮಾಡಿಲ್ಲ. ಇಂಥ ಯೋಜನೆಗೆ ಪರಿಸರದ ಮೇಲೆ ಏನು ಪರಿಣಾಮ ಎಂಬ ಅಧ್ಯಯನ ಬೇಕಾಗಿರಲಿಲ್ಲ, ಏಕೆಂದರೆ ಅದು ‘ಕುಡಿಯುವ ನೀರಿನ ಯೋಜನೆ’. ಕುಡಿಯುವ ನೀರಿಗೆ ಆ ಅನುಮತಿಯ ಗೊಡವೆ ಇಲ್ಲ. ಕಪ್ಪೆಗೂ ಅದೇ ನೀರಲ್ಲವೇ ಎಂದು ಕೇಳಬೇಡಿ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರಿಕೊಳ್ಳುತ್ತದೆ. ಹಾಗಾಗಿ ಅದು ಕುಡಿಯುವ ನೀರಿನ ಫಲಾನುಭವಿಯ ವ್ಯಾಖ್ಯೆಗೆ ಬರುವುದಿಲ್ಲ. 2024ರ ಸೆಪ್ಟೆಂಬರ್ 6, ಗೌರಿ ಹಬ್ಬದ ದಿನ, ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಆ ನೀರಿನಲ್ಲಿ ಯಾರಿದ್ದರು, ಎಷ್ಟಿದ್ದರು ಎಂದು ಕೇಳುವ ಗೊಡವೆ ಮೊದಲೂ ಇರಲಿಲ್ಲ, ಆಮೇಲಂತೂ ಇಲ್ಲ.

ನಮ್ಮ ಕಡೆಯ ಒಂದು ಗ್ರಾಮಸಭೆಯಲ್ಲಿ ಕಾಲೇಜು ಹುಡುಗನೊಬ್ಬ ಇದನ್ನೇ ಎತ್ತಿದ. ಎಲ್ಲ ಪಂಚಾಯ್ತಿಯಲ್ಲೂ ಜೀವವೈವಿಧ್ಯ ದಾಖಲೆ ಇರಬೇಕೆಂದು 2002ರ ಕಾನೂನಿದೆ, ನಮ್ಮ ಹಳ್ಳದ ಕಪ್ಪೆ, ಮೀನುಗಳನ್ನು ಅದರಲ್ಲಿ ಸೇರಿಸೋಣ, ನಾವೇ ರಾತ್ರಿ ಹೋಗಿ ಕೂಗು ಕೇಳಿ ಪಟ್ಟಿ ಮಾಡಿ ಕೊಡುತ್ತೇವೆ ಎಂದ. ಸಭೆಗೆ ಬಂದಿದ್ದ ಸಾಹೇಬರು ತಾಳ್ಮೆಯಿಂದಲೇ ಕೇಳಿಸಿಕೊಂಡರು. ಪೆನ್ನಿನ ಕ್ಯಾಪು ತೆಗೆದರು ಕೂಡ.

‘ಈ ಕಪ್ಪೆ ಮೇಲೆ ಬೆಳೆ ಹಾನಿ ಅರ್ಜಿ ಏನಾದ್ರೂ ಬಂದಿದ್ಯೇನಪ್ಪಾ?’

‘ಇಲ್ಲ ಸಾರ್.’

‘ಯಾರಿಗಾದ್ರೂ ಹಾಯ್ದಿದ್ದು, ತುಳ್ದಿದ್ದು?’

‘ಅದು ಇಷ್ಟೇ ಇಷ್ಟು ಇರೋದು ಸಾರ್.’

ಸಾಹೇಬರು ಕ್ಯಾಪು ಮುಚ್ಚಿದರು. ‘ದೂರು ಇಲ್ಲ ಅಂದ್ಮೇಲೆ ಪ್ರಾಣಿ ಇದೆ ಅಂತ ನಾವ್ ಹೆಂಗಪ್ಪಾ ಬರ್ಕೊಳೋದು? ಮುಂದಿನ ವಿಷಯ ಓದಿ, ಸೆಕ್ರೆಟ್ರಿಗಳೇ.’

ಮುಂದಿನ ವಿಷಯ ಬೀದಿ ದೀಪ. ಅವು ಎಷ್ಟಿವೆ ಎಂಬುದಕ್ಕೂ ಎಷ್ಟು ಉರಿಯುತ್ತವೆ ಎಂಬುದಕ್ಕೂ ನಡುವೆ ಅಂತರ ಕಂಡುಬಂದಿದ್ದರಿಂದ ಚರ್ಚೆ ಮಧ್ಯಾಹ್ನದವರೆಗೆ ನಡೆಯಿತು.