ಈ ಜಗಳ ಹೊಸದೇನಲ್ಲ

'ಜೆಂಡರ್' (ಗಂಡು, ಹೆಣ್ಣು ಅಂತ ಸಮಾಜ ಕೊಡೋ ಗುರುತು) ಪದದ ಕಿತ್ತಾಟ ಈಚಿನ ಹತ್ತು ವರ್ಷದ್ದು ಅಂತ ನಾನು ಓದಿದ ಒಂದು ಲೇಖನದಲ್ಲಿ ಅದರ ಲೇಖಕರು ಬರೆದಿದ್ದಾರೆ. ಇಲ್ಲ, ಇದು ಹಳೇ ಕಥೆ.

ಗಂಡು-ಹೆಣ್ಣಿನ ಪದಗಳ ಜಗಳಕ್ಕೆ ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಘೋಷಣೆಯನ್ನೇ ನೋಡಿ. ಅದರ ಕರಡಿನಲ್ಲಿ ಮೊದಲ ಕಲಂ 'ಆಲ್ ಮೆನ್' ಅಂತ ಇತ್ತು. 'ಮೆನ್' ಅಂದರೆ ಹೆಂಗಸರೂ ಸೇರಿದ ಹಾಗೇ ಅನ್ನೋದು ಆಗಿನ ವಾದ. ಭಾರತದಿಂದ ಹೋಗಿದ್ದ ಹಂಸಾ ಮೆಹ್ತಾ ಒಪ್ಪಲಿಲ್ಲ. ಕೊನೆಗೆ ಅದು 'ಆಲ್ ಹ್ಯೂಮನ್ ಬೀಯಿಂಗ್ಸ್' ಆಯಿತು. ತಮಾಷೆ ಏನಂದರೆ, ಅದೇ ಕಲಮಿನ ಕೊನೆಯಲ್ಲಿ 'ಬ್ರದರ್‌ಹುಡ್' (ಅಣ್ಣತಮ್ಮಂದಿರ ಭಾವ) ಮಾತ್ರ ಹಾಗೇ ಉಳಿದುಕೊಂಡಿದೆ!

ಆಮೇಲೆ 1998ರ ರೋಮ್ ಶಾಸನ, ಅಂದರೆ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದ. ಅದರ 7ನೇ ಕಲಮಿನ ಪ್ರಕಾರ ಜೆಂಡರ್ ಅಂದರೆ 'ಸಮಾಜದ ಸಂದರ್ಭದಲ್ಲಿ ಗಂಡು, ಹೆಣ್ಣು ಎಂಬ ಎರಡು ಲಿಂಗ'. ಜೆಂಡರ್ ಅಂದರೆ ಗಂಡು, ಹೆಣ್ಣು ಅಷ್ಟೇ ಅನ್ನೋ ಗುಂಪಿಗೆ 'ಎರಡು' ಬೇಕಿತ್ತು, ಅದನ್ನು ರೂಪಿಸೋದು ಸಮಾಜ ಅನ್ನೋ ಗುಂಪಿಗೆ 'ಸಮಾಜದ ಸಂದರ್ಭ' ಬೇಕಿತ್ತು. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಿ ಎದ್ದು ಬಂದರು. ಅವರವರಿಗೆ ಬೇಕಾದಂತೆ ಓದಿಕೊಳ್ಳಬಹುದು, ಅಲ್ವಾ?

ಬಲ್ಗೇರಿಯಾದ್ದು ಇನ್ನೂ ಪೇಚು. ಹೆಂಗಸರ ಮೇಲಿನ ಹಿಂಸೆ ತಡೆಯೋ ಇಸ್ತಾಂಬುಲ್ ಒಪ್ಪಂದ ತಮ್ಮ ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ ಅಲ್ಲಿನ ಸಂವಿಧಾನ ನ್ಯಾಯಾಲಯ 2018ರಲ್ಲಿ ಹೇಳಿತು. ತಕರಾರು ಇದ್ದದ್ದು ಮುಖ್ಯವಾಗಿ 'ಜೆಂಡರ್' ಅನ್ನೋ ಈ ಒಂದು ಪದದ ಮೇಲೆ. ಹೊಡೆತ ತಿನ್ನೋ ಹೆಂಗಸಿಗೆ ಇದರಿಂದ ಏನು ಸಿಕ್ಕಿತೋ!

ನಮ್ಮಲ್ಲೂ ಕಷ್ಟ ಇದೆ. ಸೆಕ್ಸ್‌ಗೂ 'ಲಿಂಗ', ಜೆಂಡರ್‌ಗೂ 'ಲಿಂಗ', ವ್ಯಾಕರಣದಲ್ಲೂ 'ಲಿಂಗ', ಗುಡಿಯಲ್ಲೂ 'ಲಿಂಗ'. ಈಗೀಗ ಜೆಂಡರ್‌ಗೆ 'ಲಿಂಗತ್ವ' ಅನ್ನೋ ಪದ ಓಡಾಡುತ್ತಿದೆ. ಆ ಲೇಖನದಲ್ಲೇ 'ಲಿಂಗ', 'ಲಿಂಗತ್ವ' ಎರಡನ್ನೂ ಸುಮ್ನೆ ಅದಲು ಬದಲು ಬಳಸಿದ್ದಾರೆ. ಲೇಖಕರು ಅದನ್ನಾದರೂ ತಿದ್ದಲಿ.